ಲೋಟದ ಅಂಚಿನ ಸದ್ದು

ಏನೇ,

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ನೀನಿದ್ದಾಗ ನಿನಗೆ ಒಂದು ಸಾಲೂ ಬರೆದವನಲ್ಲ. ನೀನು ಕಣ್ಣು ಮುಚ್ಚಿದ ಮೇಲೆ ಬರೆಯುತ್ತಿದ್ದೇನೆ, ನಗಬೇಡ.

ನಿನ್ನ ಮಗಳು ನಿನ್ನ ಚಮಚ, ಲೋಟ, ಕನ್ನಡಕ, ಬೀಗದ ಕೈ ಎಲ್ಲವನ್ನೂ ತಂತಿಗೆ ಕಟ್ಟಿ ಹಜಾರದಲ್ಲಿ ತೂಗುಹಾಕಿದ್ದಾಳೆ.

"ಇದೇನು ಮನೇನಾ, ಗುಜರಿ ಅಂಗಡೀನಾ?" ಎಂದೆ.

"ಅಮ್ಮನ ನೆನಪಿಗೆ ಮಾಡಿರೋ ಕಲೆ ಅಪ್ಪಾ. ನಿಮಗೆಲ್ಲಿ ಗೊತ್ತಾಗುತ್ತೆ!" ಎಂದಳು. ಥೇಟ್ ನಿನ್ನದೇ ಬಾಯಿ.

ಇವತ್ತು ಮಧ್ಯಾಹ್ನ ಅಲ್ಲೇ ಫ್ಯಾನ್ ಹಾಕಿಕೊಂಡು ಮಲಗಿದ್ದೆ. ಗಾಳಿಗೆ ಚಮಚ ಹೋಗಿ ಲೋಟಕ್ಕೆ ಬಡಿಯಿತು, ಟಣ್ ಟಣ್ ಅಂತ. ನೀನು ಟೀಗೆ ಸಕ್ಕರೆ ಕದಡಿದ ಮೇಲೆ ಲೋಟದ ಅಂಚಿಗೆ ಚಮಚ ಕುಟ್ಟುತ್ತಿದ್ದೆಯಲ್ಲ, ಅದೇ ಸದ್ದು. ನಿದ್ದೆಗಣ್ಣಿನಲ್ಲಿ ಎಂದಿನ ಹಾಗೆಯೇ ಕೂಗಿಬಿಟ್ಟೆ: "ಸಾಕು ನಿಲ್ಸೇ, ತಲೆ ಚಿಟ್ಟು ಹಿಡೀತು!"

ಮಗಳು ಒಳಗಿನಿಂದ ಓಡಿಬಂದಳು. ನನ್ನ ಮುಖವನ್ನೇ ನೋಡುತ್ತಾ ನಿಂತು, "ಬಿಚ್ಚಿಬಿಡ್ಲಾ ಅಪ್ಪಾ?" ಎಂದಳು.

"ಮುಟ್ಟಿದರೆ ಕೈ ಮುರೀತೀನಿ" ಎಂದೆ.

ಈಗ ಸಂಜೆಯಾಗಿದೆ, ಚಳಿಯೂ ಬಿದ್ದಿದೆ. ನಾನು ಅಲ್ಲೇ ಕೂತಿದ್ದೇನೆ. ಮಗಳು ಬಂದು ಶಾಲು ಹೊದಿಸಿ ಹೋದಳು. ಫ್ಯಾನ್ ಮಾತ್ರ ಆರಿಸಲಿಲ್ಲ.