ಲಕ್ಕಲಕಟ್ಟಿಯ ಒಳದಾರಿ

೧೨ ಜೂನ್, ಗುರುವಾರ

...ಮ್ಯಾಪಿನಲ್ಲಿ ದಾರಿ ಹೇಳುವ ಆ ಹೆಂಗಸಿಗೆ ಲಾರಿಯ ಎತ್ತರ ಗೊತ್ತಿಲ್ಲ ಎಂದನೋ, ಲಾರಿಯ ಉದ್ದ ಗೊತ್ತಿಲ್ಲ ಎಂದನೋ. ಕುತುಬುದ್ದೀನ ಹೇಳಿದ್ದು ಎರಡರಲ್ಲಿ ಒಂದು. ಇವತ್ತು ಪುರ್ತಗೇರಿಯ ಓಣಿಯಲ್ಲಿ ಎರಡೂ ಖರೆಯಾದವು.

ನರಗುಂದದಿಂದ ಹತ್ತಿಕಾಳಿನ ಲೋಡ್. ಗಜೇಂದ್ರಗಡ ಇನ್ನೇನು ಬಂತು ಎನ್ನುವಾಗ ರಸ್ತೆಯಲ್ಲಿ ಡಾಂಬರು ಕೆಲಸ. ಮೊಬೈಲಿನ ಹೆಂಗಸು ಎಡಕ್ಕೆ ಎಂದಳು. ತಿರುಗಿದೆ. ಬಲಕ್ಕೆ ಎಂದಳು. ತಿರುಗಿದೆ. ಓಣಿ ಕಿರಿದಾಗುತ್ತ ಹೋಯಿತು. ಮೇಲೆ ಕರೆಂಟಿನ ತಂತಿ, ಪಕ್ಕದಲ್ಲಿ ಮನೆಯ ಕಟ್ಟೆ. ಮ್ಯಾಪಿನಲ್ಲಿ ಮಾತ್ರ ಅದು ನೀಲಿ ಗೆರೆ. ಅದಕ್ಕೆ ಹತ್ತು ಗಾಲಿಯ ಲಾರಿಯೂ ಒಂದೇ, ಮೋಟಾರ್ ಸೈಕಲ್ಲೂ ಒಂದೇ.

ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದ ಮುದುಕಿ ಏಳಲೂ ಇಲ್ಲ. ವೀರವ್ವ ಅಂತ ಹೆಸರು, ಆಮೇಲೆ ತಿಳಿಯಿತು.

"ಬಾ ಯಪ್ಪಾ, ಒಳಗ ಬಾ. ಲಾರಿನೂ ಕರಕೊಂಡ ಬಾ. ಚಾ ಮಾಡ್ತೀನಿ."

"ಮ್ಯಾಪ್ ಹಿಂಗ ತೋರಿಸ್ತಬೇ ಯವ್ವಾ."

"ಈ ವಾರದಾಗ ನೀ ಮೂರನೇದಾಂವ. ಆ ಫೋನಿನ್ಯಾಗ ಮಾತಾಡಾಕಿ ಯಾ ಊರಾಕಿ? ಒಮ್ಮಿ ನನ್ನ ಕೈಗೆ ಸಿಗಲಿ ಆಕಿ."

ಮುಂದೆ ಹೋಗುವಂತಿಲ್ಲ. ಹಿಂದೆ ಕಾಣುವುದಿಲ್ಲ. ಕುತುಬುದ್ದೀನನಿಗೆ ಫೋನ್ ಮಾಡಿದೆ.

"ಎಲ್ಲಿದ್ದಿ?"

ಅವನ ಮಾತು ಶುರುವಾಗುವುದೇ ಹೀಗೆ. ಹೇಳಿದೆ.

"ಹಿಂದ ಎಡಗಡಿ ಹುಣಸಿಮರ ಐತಿ ನೋಡು. ಅದರ ಬಾಜೂಕ ಕಣ. ಮೆಲ್ಲಕ ರಿವರ್ಸ್ ತಗೊ, ಕಣದಾಗ ಹೊಳ್ಳಿಸು."

ಹುಣಸೆಮರ ಇತ್ತು. ಕಣವೂ ಇತ್ತು. ವೀರವ್ವ ಕೂತಲ್ಲಿಂದಲೇ "ಬರ್ಲಿ, ಬರ್ಲಿ... ಏ ನಿಲ್ಲೋ ಮಾರಾಯಾ!" ಎಂದು ಕೂಗಿ ದಾರಿ ತೋರಿಸಿದಳು. ಹೊರಗೆ ಬಂದೆ. ಫೋನಿನಲ್ಲಿ ನಗು. ಎರಡು ವರ್ಷದಿಂದ ಏನೂ ಕಾಣದವನ ನಗು.

೧೫ ಜೂನ್, ರವಿವಾರ

ರಜೆ. ಬೆನ್ನು ನೋವು. ಬರೆಯಲು ಬೇರೆ ಏನೂ ಇಲ್ಲ.

ನಾನೂ ಅವನೂ ಒಂದೇ ಲಾರಿಯಲ್ಲಿ ಕ್ಲೀನರಾಗಿ ಬಂದವರು. ಆಮೇಲೆ ಬೇರೆ ಬೇರೆ ಲಾರಿ, ಅದೇ ರಸ್ತೆಗಳು. ಸಕ್ಕರೆ ಕಾಯಿಲೆ ಅವನ ಕಣ್ಣು ತೆಗೆದುಕೊಂಡಿತು. ಈಗ ಗಜೇಂದ್ರಗಡದ ಮಗ್ಗಗಳ ಓಣಿಯಲ್ಲಿ, ಬಾಗಿಲ ಮುಂದಿನ ಹೊರಸಿನ ಮೇಲೆ ಕೂರುತ್ತಾನೆ. ಕೊರಳಿಗೆ ದಾರದಲ್ಲಿ ಫೋನ್. ನಾನು ಲೋಡ್ ಹೇರಿಸಿ ಹೊರಟೆನೆಂದು ತಿಳಿದರೆ ಸಾಕು, ಫೋನ್ ಬರುತ್ತದೆ. ಎಲ್ಲಿದ್ದಿ? ಅಲ್ಲಿಂದ ಮುಂದೆ ದಾರಿ ಹೇಳುತ್ತಾನೆ. ಆ ಹೊತ್ತು ಅವನು ಡ್ರೈವರ್.

ಆದರೆ ಪುರ್ತಗೇರಿಯ ಹುಣಸೆಮರ ಉಳಿದ ಹಾಗೆ ಉಳಿದವು ಉಳಿದಿಲ್ಲ. ಅವನು ಗುರುತಿಗೆ ಹೇಳುವ ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಗುಡ್ಡದ ಮೇಲಿನ ಒಂಟಿ ಗಾಳಿಯಂತ್ರ ಈಗ ಒಂಟಿಯಲ್ಲ. ದಿಬ್ಬಕ್ಕೊಂದು ತಿರುಗುತ್ತಿವೆ, ಯಾವುದೂ ಗುರುತಿಗೆ ಬಾರದು. ಯುಗಾದಿಯ ಹೊತ್ತಿಗೆ ಅವನ ಮಾತು ಕೇಳಿ ಲಕ್ಕಲಕಟ್ಟಿಯ ಒಳದಾರಿ ಹಿಡಿದೆ. ಹಳ್ಳದ ಮೇಲಿನ ಕಿರುಸೇತುವೆ ಅರ್ಧ ಕುಸಿದಿತ್ತು. ಉಳಿದ ಅರ್ಧದ ಮೇಲೆ ಟ್ರ್ಯಾಕ್ಟರ್ ಗಾಲಿಯ ಗುರುತು. ಲಾರಿ ಹೊರಳಿಸಿಕೊಂಡು ಬಂದೆ. ಬರುವಾಗಲೇ ಫೋನ್.

"ಪೂಲ್ ದಾಟಿದಿಲ್ಲ? ಇನ್ನ ಕಣ್ಣ ಮುಚಗೊಂಡ ಹೋಗು." ಹೇಳಿ ತಾನೇ ನಕ್ಕ. "ನನ್ನಂಗ!"

ದಾಟಿದೆ ಎಂದೆ.

ಅಂದಿನಿಂದ ಹೀಗೆ. ಗಾಲಿ ಡಾಂಬರಿನ ಮೇಲೆ, ಬಾಯಲ್ಲಿ ಅವನ ದಾರಿ. ಬೇವು ಬಂತು. ಬಾವಿ ದಾಟಿದೆ. ಹಾಂ, ಎಡಕ್ಕೆ ಹೊರಳಿದೆ. ದಿನಾ ಒಬ್ಬನಾದರೂ ಓಡಾಡುತ್ತಿದ್ದರೆ ದಾರಿ ಇದೆಯೆಂದೇ ಅರ್ಥ ಅಲ್ಲವೇ... ಬರೆದಾಗ ಇಂಥದು ಚೆನ್ನಾಗಿ ಕಾಣುತ್ತದೆ.

೧೩ ಜುಲೈ, ರವಿವಾರ

ಕುತುಬುದ್ದೀನನ ಮನೆ. ಅವನ ಅಳಿಯ ಮುನಾವರ ಬಂದಿದ್ದ. ಅವನೂ ಲಾರಿ ಓಡಿಸುತ್ತಾನೆ. ಎರಡು ಫೋನ್ ಇಟ್ಟುಕೊಂಡಿದ್ದಾನೆ; ಒಂದು ಮಾತಿಗೆ, ಒಂದು ಮ್ಯಾಪಿಗೆ.

"ಮಾಮು, ನೀವು ಹೇಳೂ ದಾರ್ಯಾಗ ಈಗ ಕುರಿನೂ ಹೋಗಂಗಿಲ್ಲ."

"ಕುರಿಗೆ ಬುದ್ಧಿ ಇರ್ತೈತಿ. ನೀ ಹೋಗಬಹುದು."

ಒಳಗೆ ಲಾಲಬಿ ನಕ್ಕದ್ದು ಕೇಳಿಸಿತು. ಗಂಡನ ಮಾತಿಗೆ ಆಕೆ ಈಗಲೂ ಹಾಗೇ ನಗುತ್ತಾಳೆ.

"ನಿನ್ನ ಫೋನಿನಾಕಿ ಮೊನ್ನೆ ಶಂಭುನ್ನ ಒಬ್ಬಾಕಿ ಮುದುಕಿ ಅಡಗಿಮನಿತನಕ ಒಯ್ದಿದ್ಲು," ಎಂದ ಕುತುಬುದ್ದೀನ. "ತಂದಾಂವ ಯಾರು? ನಾನು. ಇಲ್ಲೆ ಕುಂತು."

"ಆತ್ರಿ. ಲಕ್ಕಲಕಟ್ಟಿ ಒಳದಾರಿ ಐತಿ ಐತಿ ಅಂತೀರಲ್ಲ, ಯಾರ ಹೋಗ್ಯಾರ ಅದರಾಗ?"

ಕುತುಬುದ್ದೀನ ನನ್ನ ಕಡೆ ಮುಖ ತಿರುಗಿಸಿದ. ಸ್ವಲ್ಪ ತಪ್ಪಿತು, ನೀರಿನ ಕೊಡದ ಕಡೆ ತಿರುಗಿತು. "ಶಂಭುನ ಕೇಳು."

"ಕಾಕಾ, ಖರೇ ಹೇಳ್ರಿ. ಪೂಲ್ ಐತೇನು?"

ಲಾಲಬಿ ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕುತುಬುದ್ದೀನನ ಬಾಯಿ ಅರ್ಧ ತೆರೆದಿತ್ತು, ನಗಲು ತಯಾರಾಗಿ.

"ಐತಿ," ಎಂದೆ.

"ಲೋಡ್ ತಡೀತೈತಿ?"

"ನಾ ಹೋಗಿ ಬಂದೀನಲ್ಲೋ."

"ಕೇಳಿದ್ಯಾ!" ಕುತುಬುದ್ದೀನ ತೊಡೆ ತಟ್ಟಿಕೊಂಡ. ಮುನಾವರ ಎರಡೂ ಫೋನ್ ಕೆಳಗಿಟ್ಟು ಕೈಮುಗಿದ. "ಸೋತ್ನಿ ಮಾಮು. ಚಾ ಕುಡೀರಿ ಇನ್ನ."

ಅರ್ಧ ಇದೆಯಲ್ಲ. ಹಾಗಾದರೆ ಸುಳ್ಳೂ ಅರ್ಧ. ಹೊರಡುವಾಗ ಅಂಗಳದಲ್ಲಿ ಮುನಾವರನಿಗೊಬ್ಬನಿಗೇ ಹೇಳಿಬಿಡಬಹುದಿತ್ತು. ಅವನಾಗಲೇ ಬೈಕ್ ಶುರು ಮಾಡಿದ್ದ. ಹೇಗೂ ಅವನು ನಂಬುವುದು ಫೋನನ್ನು. ಆ ದಾರಿಗೆ ಹೋಗುವವನಲ್ಲ.

೨೨ ಜುಲೈ, ನರಗುಂದ

ಲೋಡಿಗಾಗಿ ಕಾಯುವುದು. ಚಹದ ಅಂಗಡಿಯಲ್ಲಿ ಮಲ್ಲೇಶಪ್ಪ ಅನ್ನುವ ಡ್ರೈವರ್, ಹೊಸ ಪರಿಚಯ. ಮ್ಯಾಪ್ ಅವನನ್ನು ಕಾಲುವೆಯ ದಂಡೆಯ ಮೇಲೆ ಹತ್ತಿಸಿತ್ತಂತೆ. ಇಳಿಯಲು ಜಾಗವಿಲ್ಲ, ಹೊರಳಿಸಲು ಜಾಗವಿಲ್ಲ. "ಆಕಿ ಮಾತ್ರ ಒಂದ ಸಮ ಹೇಳಾಕತ್ತಿದ್ಲು, ಮುಂದ ಹೋಗು, ಮುಂದ ಹೋಗು... ನನ್ನ ಹೆಂಡ್ತಿನ ಚಲೋ ಅನಿಸಿತು ನೋಡ್ರಿ." ಅಂಗಡಿಯಲ್ಲಿ ಕೂತವರೆಲ್ಲ ನಕ್ಕರು. ಆಮೇಲೆ ಒಬ್ಬೊಬ್ಬರೇ ತಮ್ಮದು ಹೇಳಿದರು: ಎಲ್ಲಿ ತಂತಿ ಕೆಳಗಿದೆ, ಎಲ್ಲಿ ಎರೆಮಣ್ಣು, ಯಾವ ಊರಲ್ಲಿ ಸಂತೆಯ ದಿನ ಹೋಗಬಾರದು.

"ಗಜೇಂದ್ರಗಡದ ಕಡೆ ಲಕ್ಕಲಕಟ್ಟಿ ಒಳದಾರಿ ಹ್ಯಾಂಗ್ರೀ?" ಎಂದು ಕೇಳಿದ ಮಲ್ಲೇಶಪ್ಪ.

"ಹೋಗಬ್ಯಾಡ್ರಿ. ಪೂಲ್ ಅರ್ಧ ಬಿದ್ದೈತಿ."

ಎಷ್ಟು ಸುಲಭವಾಗಿ ಬಂತು. ಗುರುತಿಲ್ಲದವನಿಗೆ.

ಮುನಾವರನಿಗೆ ಫೋನ್ ಮಾಡಬೇಕು. ನಂಬರ್ ತೆಗೆದೆ. ಅಷ್ಟರಲ್ಲಿ ಹಮಾಲರು ಕರೆದರು. ನಾಳೆ.

೯ ಆಗಸ್ಟ್, ಶನಿವಾರ, ಬೆಳಿಗ್ಗೆ

ಮುನಾವರನ ಲಾರಿ ಹಳ್ಳಕ್ಕೆ ಬಿದ್ದಿದೆ. ಲಕ್ಕಲಕಟ್ಟಿ. ಜೀವಂತ ಇದ್ದಾನೆ.

ಅದೇ ದಿನ, ಸಂಜೆ

ನಿನ್ನೆ ಹೊತ್ತು ಮುಳುಗುವಾಗ ಮಳೆ. ರೋಣದಿಂದ ಹೆಸರುಕಾಳಿನ ಲೋಡ್. ಮ್ಯಾಪ್ ಅವನನ್ನು ಒಂದು ಹೊಲದ ಬದುವಿಗೆ ಒಯ್ದು ನಿಲ್ಲಿಸಿತಂತೆ; ಮ್ಯಾಪಿನಲ್ಲಿ ದಾರಿ ಮುಂದುವರಿದಿದೆ, ನೆಲದ ಮೇಲೆ ಇಲ್ಲ. ಎರೆಮಣ್ಣು ಗಾಲಿ ಹಿಡಿಯತೊಡಗಿತ್ತು. ಮಾವನಿಗೆ ಫೋನ್ ಮಾಡಿದ. ಎಲ್ಲಿದ್ದಿ? ಹೇಳಿದ. ಅಲ್ಲಿಗೆ ಹತ್ತಿರದ್ದು ಒಳದಾರಿ. ಕುತುಬುದ್ದೀನ ಹೇಳಿದನಂತೆ: ಮೆಲ್ಲಕ ಹೋಗು, ಅಂಜಬ್ಯಾಡ, ಶಂಭು ಹೋಗಿ ಬಂದಾನ.

ಹೋಗಿ ನೋಡಿದೆ. ಉಳಿದಿದ್ದ ಅರ್ಧವೂ ಈಗ ಹಳ್ಳದಲ್ಲಿದೆ. ಲಾರಿ ಮಗ್ಗುಲಾಗಿ ಮಲಗಿದೆ. ಚೀಲ ಒಡೆದು ಹೆಸರುಕಾಳು ನೀರಿನ ಅಂಚಿಗೆ ಹಸಿರಾಗಿ ಕೂತಿದೆ. ಮ್ಯಾಪಿನ ಫೋನ್ ಕ್ಯಾಬಿನ್ನಿನಲ್ಲೇ ಸಿಕ್ಕಿತಂತೆ. ಏನೂ ಆಗಿಲ್ಲ ಅದಕ್ಕೆ.

ಎಡಗಾಲು ಸಿಕ್ಕಿಕೊಂಡಿತ್ತು. ಎಡಗಾಲು — ಕ್ಲಚ್ ಒತ್ತುವ ಕಾಲು.

೧೧ ಆಗಸ್ಟ್, ಗದಗ

ದವಾಖಾನೆ. ಕಾಲು ಉಳಿಯುತ್ತದೆ, ಮಡಚಲು ಬರುವುದು ಅನುಮಾನ ಎಂದರು ಡಾಕ್ಟರು. ಲಾರಿಯ ಮಾತು ಯಾರೂ ತೆಗೆಯಲಿಲ್ಲ.

ಕುತುಬುದ್ದೀನ ಕಾರಿಡಾರಿನ ಬೆಂಚಿನ ಮೇಲೆ. ಮಗಳು ಸೈರಾಬಾನು, ಮುನಾವರನ ಹೆಂಡತಿ, ಅವನ ಮುಂದೆ ನಿಂತು, ದನಿ ಏರಿಸದೆ, "ಸಾಕ್ರಿ ಅಬ್ಬಾ. ಇನ್ನ ಯಾರಿಗೂ ದಾರಿ ಹೇಳಬ್ಯಾಡ್ರಿ," ಎಂದಳು. ಅವನ ಕೊರಳಿನಿಂದ ಫೋನ್ ತೆಗೆದುಕೊಂಡಳು. ಅವನು ತಲೆ ಬಗ್ಗಿಸಿ ಕೊಟ್ಟ, ದಾರ ಸಲೀಸಾಗಿ ಬರಲೆಂದು.

"ಮಳಿ ಒಯ್ದೈತಿ," ಎಂದ ನನಗೆ. "ನೀ ಹೋದಾಗ ಇತ್ತಲ್ಲ?"

"ಹ್ಞೂಂ."

ಒಳಗೆ ಮುನಾವರ. ಬೈಯುತ್ತಾನೆ ಎಂದುಕೊಂಡೆ. ಅವನು ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ: "ಕಾಕಾ, ನಿಮ್ಮ ಲೋಡ್ ಹಗರ ಇತ್ತೇನ್ರಿ ಅವತ್ತು?"

ಹೌದು ಎಂದೆ. ಹಗುರ ಇತ್ತು.

೨೮ ಆಗಸ್ಟ್

ಹುಬ್ಬಳ್ಳಿ, ನರಗುಂದ, ರೋಣ. ಮತ್ತೆ ಹುಬ್ಬಳ್ಳಿ. ಫೋನ್ ಬರುವುದಿಲ್ಲ. ಬೇವಿನ ಮರ ಇದ್ದ ಜಾಗ ಬಂದಾಗ ಬಾಯಿ ತಾನಾಗಿ ತೆರೆಯುತ್ತದೆ: ಬಂತು ನೋಡು. ಕೇಳುವವರಿಲ್ಲ. ಮೊಬೈಲಿನ ಹೆಂಗಸು ಎಲ್ಲಿದ್ದಿ ಎಂದು ಕೇಳುವುದಿಲ್ಲ. ಆಕೆಗೆ ಗೊತ್ತಿರುತ್ತದೆ. ಅದೇ ವ್ಯತ್ಯಾಸ, ಬಹುಶಃ.

ಮಳೆ ಒಯ್ದಿದೆ ಎಂದು ಊರೆಲ್ಲ ಹೇಳುತ್ತದೆ. ಇನ್ನು ಸ್ವಲ್ಪ ದಿನಕ್ಕೆ ನನಗೂ ಹಾಗೇ ನೆನಪಿರಬಹುದು. ಅದಕ್ಕೇ ಇಲ್ಲಿ ಬರೆದಿಡುತ್ತೇನೆ: ಯುಗಾದಿಗೇ ಕುಸಿದಿತ್ತು. ನೋಡಿದ್ದೆ.

೭ ಸೆಪ್ಟೆಂಬರ್, ರವಿವಾರ

ಹೋದೆ. ಹೊರಸು ಈಗ ಒಳಗಿದೆ. ಅವನೂ. ಲಾಲಬಿ ಗದಗಿಗೆ ಬುತ್ತಿ ಒಯ್ದಿದ್ದಳು. ನಾವಿಬ್ಬರೇ.

"ನಾ ಆ ದಾರಿಲೆ ಹೋಗೇ ಇಲ್ಲ," ಎಂದೆ. "ಯುಗಾದಿಗೆ ನೋಡಿದ್ದೆ. ಆಗ್ಲೇ ಪೂಲ್ ಅರ್ಧ ಬಿದ್ದಿತ್ತು. ದಾಟಿದೆ ಅಂತ ನಿನಗ ಸುಳ್ಳ ಹೇಳಿದೆ."

ಪಕ್ಕದ ಮನೆಯ ಮಗ್ಗ ನಿಂತಿತು. ಮತ್ತೆ ಶುರುವಾಯಿತು.

"ನರೇಗಲ್ಲ ಕಡೆ ಬಾವಿ ದಾರಿ?" ಎಂದ.

"ಮುಚ್ಯಾರ."

"ಬೇವಿನಮರ?"

"ಕಡದಾರ. ಹೋದ ವರ್ಷನ."

"ರೋಣದ ಹಿಂದ, ಹತ್ತಿ ಜಿನ್ನಿಂಗ್ ಮಿಲ್ಲಿನ ಗೋಡಿ?"

"ಇಲ್ಲ. ಪೆಟ್ರೋಲ್ ಪಂಪ್ ಆಗೈತಿ."

"ಅದರ ಮಗ್ಗಲಿಗೆ ಹೊಳ್ಳಿದೆ ಅಂದಿದ್ದಿ..."

"ಅಂದಿದ್ದೆ."

ಒಂದೊಂದೇ ಕೇಳಿದ. ಒಂದೊಂದೇ ಹೇಳಿದೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬಾಡಿಗೆ ಮನೆ ಬಿಡುವವನು ಸಾಮಾನು ಒಂದೊಂದಾಗಿ ಹೊರಗಿಟ್ಟ ಹಾಗೆ ಕೇಳುತ್ತಿದ್ದ. ಕೊನೆಗೆ:

"ಪುರ್ತಗೇರಿ ಹುಣಸಿಮರ?"

"ಅದು ಐತಿ. ಖರೇನ ಐತಿ, ಕುತುಬು."

ನಂಬಿದನೋ ಇಲ್ಲವೋ.

"ಮುನಾವರಗ ಹೇಳ್ತೀನಿ. ಸೈರಾಗೂ."

"ಹೇಳಬ್ಯಾಡ."

"ತಪ್ಪು ನಂದೈತಿ."

"ನಿಂದ ಐತಿ. ಯಾರ ಇಲ್ಲಂದ್ರು?" ಈಗ ಸಿಟ್ಟು ಬಂತು, ಒಂದು ಗಳಿಗೆ. "ಮುದುಕ ತಪ್ಪ ದಾರಿ ಹೇಳಿದ ಅಂತ ನನ್ನ ಬೈತಾರ. ಬೈಲಿ. ನೀ ಎಲ್ಲಿಗೂ ಹೋಗೇ ಇಲ್ಲ, ಇಷ್ಟ ದಿನ ನಾ ಇಲ್ಲಿ ಕುಂತು ಗಾಳಿಗೆ ದಾರಿ ಹೇಳಿದೆ ಅಂತ ಗೊತ್ತಾದ್ರ..." ಕೈ ಕೊರಳಿಗೆ ಹೋಯಿತು. ಅಲ್ಲಿ ದಾರ ಇರಲಿಲ್ಲ. "ನಗತಾರಲೋ, ಶಂಭು."

ಕೊಡದಿಂದ ಒಂದು ಲೋಟ ನೀರು ತುಂಬಿ ಅವನ ಕೈಗಿಟ್ಟೆ.

"ಚಲೋ ಡ್ರೈವರ್ ಇದ್ದೆ ನಾನು," ಎಂದ.

"ಹೌದು. ಇದ್ದಿ."

"ಇದನ್ನಾದ್ರೂ ಖರೇ ಹೇಳಾಕತ್ತೀಯೇನು?"

೧೯ ಸೆಪ್ಟೆಂಬರ್, ಮಧ್ಯಾಹ್ನ. ಲಕ್ಕಲಕಟ್ಟಿಯ ತಿರುವು

ರಸ್ತೆ ಮುಚ್ಚಿದೆ ಎಂದು ಮ್ಯಾಪಿಗೆ ತಿಳಿಸಿದ್ದೆ. ಧನ್ಯವಾದ ಎಂದು ಉತ್ತರ ಬಂತು. ನೀಲಿ ಗೆರೆ ಹಾಗೇ ಇದೆ. ಇವತ್ತು ಖಾಲಿ ಗಾಡಿ. ನಿಲ್ಲಿಸಿ, ಒಳದಾರಿಯ ಬಾಯಿಗೆ ಕಲ್ಲು ಹೊತ್ತು ಹಾಕಿದೆ, ಮೇಲೆ ಜಾಲಿಯ ಮುಳ್ಳು. ಯುಗಾದಿಗೇ ಮಾಡಬಹುದಾಗಿದ್ದ ಕೆಲಸ.

ಹೊರಗಿನ ಲಾರಿಯೊಂದು ಬಂತು. ಡ್ರೈವರ್ ಫೋನ್ ಎತ್ತಿ ತೋರಿಸಿದ. "ಇದ ದಾರಿ ಅಂತೈತ್ರಿ."

"ಹೋಗೂದಿಲ್ಲ. ಪೂಲ್ ಬಿದ್ದೈತಿ."

"ನೀವು ನೋಡೀರೇನು?"

"ನೋಡೀನಿ."

"ಮತ್ತ ಹ್ಯಾಂಗ ಹೋಗ್ಲಿ?"

ದೊಡ್ಡ ರಸ್ತೆ ಹೇಳಿದೆ. ಪುರ್ತಗೇರಿಯ ಓಣಿಗೆ ಹೊಗಬೇಡ ಎಂದೆ. ಹೊಕ್ಕರೆ, ಎಡಕ್ಕೆ ಹುಣಸೆಮರ, ಪಕ್ಕದಲ್ಲಿ ಕಣ. "ಚಲೋ ಗೊತ್ತೈತ್ರಿ ನಿಮಗ," ಎಂದ. ನನಗಲ್ಲ, ಗಜೇಂದ್ರಗಡದ ಕುತುಬುದ್ದೀನನಿಗೆ ಎಂದೆ. ಅವನಿಗೆ ಆ ಹೆಸರು ಏನೂ ಅಲ್ಲ. ತಲೆ ಆಡಿಸಿ ಹೋದ.

ಕುತುಬುದ್ದೀನನ ನಂಬರಿಗೆ ಫೋನ್ ಮಾಡಿದೆ. ಸೈರಾಬಾನು ಎತ್ತಿದಳು. "ಅಬ್ಬಾ ಮಲಗ್ಯಾರ್ರಿ ಕಾಕಾ." ಹಗಲು ಮಲಗುವವನಲ್ಲ. ಹಿಂದೆ ಹೊರಸಿನ ಸಪ್ಪಳ ಕೇಳಿಸಿತು.

ಇಂಜಿನ್ ಶುರು ಮಾಡಿದೆ. ಬಂದ್ ಮಾಡಿದೆ. ಗುಡ್ಡದ ಮೇಲೆ ಗಾಳಿಯಂತ್ರಗಳೆಲ್ಲ ತಿರುಗುತ್ತಿವೆ. ಈ ಸಲ ಕೇಳುವವನು ನಾನು. ಕುತುಬು —

ಎಲ್ಲಿದ್ದಿ?