ಸೊಟ್ಟಾದ ಎಕ್ಸರೇ

ಬೆಳ್ಳಟ್ಟಿ
9 ಡಿಸೆಂಬರ್ 2024

ನನ್ನವ್ವಾ ಕಾಂಚನಾ,

ಬರೆಯುತ್ತಿರುವವಳು ನಿನ್ನ ಹಡೆದವ್ವ. ಮೊದಲು ಆಶೀರ್ವಾದ ಬರೆಯುವುದು ರೂಢಿ. ಇದನ್ನು ಪೂರ್ತಿ ಓದಿದ ಮೇಲೂ ನಿನಗದು ಬೇಕೆನಿಸಿದರೆ ತೆಗೆದುಕೋ, ಬೇಡವಾದರೆ ಬಿಡು.

ಫೋನಿದ್ದೂ ಮುದುಕಿ ಕಾಗದ ಯಾಕೆ ಬರೆದಳೋ ಅನ್ನುತ್ತೀ. ಫೋನಿನಲ್ಲಿ ಮೂರು ಸಲ ಶುರು ಮಾಡಿದ್ದೆ. ಮೂರು ಸಲವೂ ನೀನು, "ಉಂಡಿಯೇನ ಬೇ, ಗುಳಿಗಿ ತಗೊಂಡಿ?" ಅಂದೆ. ಅಷ್ಟು ಕೇಳಿದ್ದೇ ತಡ, ನನ್ನ ಬಾಯಿ ಹೊಲಿದಂತಾಯಿತು. ಕಾಗದ ಏನನ್ನೂ ಕೇಳುವುದಿಲ್ಲ, ಅದೇ ಅನುಕೂಲ.

ಹೋದ ವಾರ ನೀನು ಎರಡು ಮಾತು ಹೇಳಿದೆ. ಏಳು ತಿಂಗಳು ತುಂಬಿತು, ಈ ಸಲವೂ ಬಾಣಂತನಕ್ಕೆ ಬೆಳ್ಳಟ್ಟಿಗೇ ಬರುತ್ತೇನೆ, ಕೂಸಿಗೆ ನಿನ್ನ ಕೈಯಿಂದಲೇ ನೀರೆರೆಯಬೇಕು ಅನ್ನುವುದು ಒಂದು. ದವಾಖಾನೆಯ ಎಕ್ಸರೇ ಕೆಲಸಕ್ಕೆ ರಾಜೀನಾಮೆ ಬರೆದಿಟ್ಟಿದ್ದೇನೆ ಅನ್ನುವುದು ಇನ್ನೊಂದು. "ನಾ ಸೊಟ್ಟ ತಗದ ಎಕ್ಸರೇನ ನನ್ನ ಸಿದ್ದೂನ್ನ ಕೊಂದತ್ಬೇ. ಇನ್ನ ಯಾರ ಕೂಸಿಗೂ ಈ ಕೈ ಹಚ್ಚೂದಿಲ್ಲ" ಅಂದೆ. ಅವತ್ತಿನಿಂದ ನನಗೆ ಅನ್ನ ಸೇರಿಲ್ಲ. ಒಂದು ವರ್ಷದಿಂದ ಮುಚ್ಚಿಟ್ಟದ್ದನ್ನು ಈಗಲಾದರೂ ಹೇಳದಿದ್ದರೆ ನಾನು ತಾಯಿಯಲ್ಲ, ಮನುಷ್ಯಳೂ ಅಲ್ಲ.

ಸಿದ್ದು ಹುಟ್ಟುವ ಮೊದಲೇ ನೀನು ತಾಕೀತು ಮಾಡಿದ್ದೆ, ಕೂಸಿನ ಮೂಗಿಗೆ ಎಣ್ಣೆ ಬಿಡಬಾರದು, ಅದು ಪುಪ್ಪುಸಕ್ಕೆ ಇಳಿದು ಕೂಡುತ್ತದೆ ಅಂತ. ಆತು ಅಂದಿದ್ದೆ. ಇಪ್ಪತ್ತಾರು ವರ್ಷ ಅಂಗನವಾಡಿ ಟೀಚರಾಗಿದ್ದವಳಿಗೆ ಅದನ್ನು ಬೇರೆ ಹೇಳಬೇಕೇ? ಗೋಡೆಯ ಚಾರ್ಟಿಗೆ ಕೋಲು ಹಚ್ಚಿ ಊರ ಬಾಣಂತಿಯರಿಗೆಲ್ಲ ಅದನ್ನೇ ಓದಿ ಹೇಳಿದವಳು ನಾನು. ಓದಿ ಹೇಳಿದ್ದು ನೌಕರಿ. ಮನೆಗೆ ಬಂದು ಕೂಸನ್ನು ಕಾಲ ಮೇಲೆ ಹಾಕಿಕೊಂಡರೆ ಕೈಗಳು ನಮ್ಮವ್ವ ಕಲಿಸಿದ್ದನ್ನೇ ಮಾಡುತ್ತಿದ್ದವು.

ದಿನಾ ಬೆಳಿಗ್ಗೆ ನೀನು ಜಳಕಕ್ಕೆ ಹೋದಾಗ ಹಾಕುತ್ತಿದ್ದೆ. ಒಂದೊಂದು ಹೊಳ್ಳೆಗೆ ಎರಡೆರಡು ಹನಿ ಕೊಬ್ಬರಿ ಎಣ್ಣೆ, ಮೇಲೊಂದು ಊದು. ಅವನು ಕೆಮ್ಮಿ ಕೆಂಪಗಾಗುತ್ತಿದ್ದ. ಕಫ ಬಿಚ್ಚುತ್ತಿದೆ ಅಂತ ನಾನು ಖುಷಿಪಡುತ್ತಿದ್ದೆ. ಹೌದು, ಖುಷಿಪಡುತ್ತಿದ್ದೆ. ಅದನ್ನೂ ಬರೆಯಲೇಬೇಕು.

ಇಪ್ಪತ್ತನೆಯ ದಿನಕ್ಕೆ ಉಸಿರು ಜೋರಾಯಿತು, ಗದಗಿಗೆ ಓಡಿದೆವು. ನಿನ್ನ ದವಾಖಾನೆಯಲ್ಲಿ ಅವತ್ತು ನಿನ್ನ ಬದಲಿಗೆ ಎಕ್ಸರೇ ತೆಗೆಯುವವರು ರಜೆಯಲ್ಲಿದ್ದರು. ಹಸಿ ಬಾಣಂತಿ ನೀನೇ ಮಷಿನ್ನಿನ ಮುಂದೆ ನಿಂತೆ. ನನಗೆ ಆ ಭಾರದ ಏಪ್ರನ್ ತೊಡಿಸಿ, ಕೂಸಿನ ಎರಡೂ ಕೈಗಳನ್ನು ಕಿವಿಗೆ ತಾಗುವಂತೆ ಮೇಲೆತ್ತಿ ಹಿಡಿ, ಏನೇ ಆದರೂ ಬಿಡಬೇಡ ಅಂದೆ. ಕೂಸು ಒಂದಿಷ್ಟು ಹೊರಳಿದರೂ ಎದೆಯ ನೆರಳು ಜಾಗ ಬಿಟ್ಟು ಬೀಳುತ್ತದೆ, ಡಾಕ್ಟರಿಗೆ ಓದಲು ಬರುವುದಿಲ್ಲ ಅಂದೆ. ನೀನು ಅವನನ್ನು ನೆಟ್ಟಗೆ ಮಲಗಿಸಿದ್ದೆ, ಕಾಂಚನಾ. ಗೆರೆ ಎಳೆದಷ್ಟು ನೆಟ್ಟಗೆ.

ಆಮೇಲೆ ನೀನು ಗಾಜಿನ ಕಿಂಡಿಯಿದ್ದ ಮರೆಗೆ ಹೋದೆ. ದೀಪದ ಬೆಳಕಿಗೆ ಅವನ ಹೊಳ್ಳೆಯಲ್ಲಿ ಎಣ್ಣೆ ಮಿಂಚಿತು. ನಿನಗೆ ಕಂಡರೆ ಅಂತ ಒಂದು ಕೈ ಬಿಟ್ಟು ಸೆರಗಿನಿಂದ ಒರೆಸಿದೆ. ಬಿಟ್ಟ ಕೈಯ ಕಡೆಗೆ ಅವನು ಹೊರಳಿದ. ನಿನ್ನ ಕಣ್ಣು ಅವನ ಹೊಟ್ಟೆಯ ಮೇಲಿತ್ತು, ಉಸಿರು ತುಂಬಿದಾಗ ಗುಂಡಿ ಒತ್ತಬೇಕಲ್ಲ. ಆಗಲೇ ಒತ್ತಿದೆ.

ಫಿಲ್ಮು ಸೊಟ್ಟಾದದ್ದು ಹೀಗೆ. ನಿನ್ನ ಕೈಯಿಂದ ಅಲ್ಲ.

ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಬಲಗಡೆ ಮೇಲೆ ಬೆಳ್ಳಗಿತ್ತು. ಎಳೆ ಕೂಸುಗಳಿಗೆ ಹೃದಯದ ಮೇಲೊಂದು ಗ್ರಂಥಿ ಇರುತ್ತದೆ, ಫಿಲ್ಮು ಸೊಟ್ಟಾದ್ದರಿಂದ ಅದರ ನೆರಳೇ ಒಂದು ಬದಿಗೆ ಬಿದ್ದಿರಬಹುದು ಅಂದರು. ಆದರೂ ಸಂಶಯ ಹೋಗದೆ ನನ್ನ ಕಡೆ ತಿರುಗಿ, "ಮೂಗಿನ್ಯಾಗ ಎಣ್ಣಿ-ಗಿಣ್ಣಿ ಹಾಕೀರೇನಬೇ?" ಅಂತ ಕೇಳಿದರು.

ನಾನು ಬಾಯಿ ತೆರೆದಿದ್ದೆ, ದೇವರಾಣೆಗೂ ತೆರೆದಿದ್ದೆ. ಅಷ್ಟರಲ್ಲಿ ನೀನು ನಕ್ಕು, "ನಮ್ಮವ್ವ ಅಂಗನವಾಡಿ ಟೀಚರ್ ಅದಾಳ್ರಿ ಸರ್. ಊರಿಗೆಲ್ಲಾ ಬ್ಯಾಡ ಅಂತ ಹೇಳಾಕಿ, ತಾನ ಹಾಕ್ತಾಳೇನ್ರಿ?" ಅಂದೆ. ನನ್ನ ಬಗ್ಗೆ ಅಷ್ಟು ಹೆಮ್ಮೆಯಿಂದ ನೀನು ಹಿಂದೆಂದೂ ಮಾತಾಡಿರಲಿಲ್ಲ. ನಾನೂ ಇಲ್ಲ ಅಂತ ತಲೆಯಾಡಿಸಿದೆ. ಅವರು ಥಂಡಿಯ ಔಷಧ ಬರೆದು, ಎರಡು ದಿನ ನೋಡೋಣ ಅಂತ ಮನೆಗೆ ಕಳಿಸಿದರು.

ಇಲ್ಲಿಗೆ ನಿಲ್ಲಿಸಬೇಕು ಅಂತ ಮೂರು ಸಲ ಪೆನ್ನು ಕೆಳಗಿಟ್ಟೆ. ನಿಲ್ಲಿಸಿದರೆ ಅರ್ಧ ಸುಳ್ಳು ಉಳಿಯುತ್ತದೆ. ಆ ಎರಡು ದಿನವೂ ಎಣ್ಣೆ ಹಾಕಿದೆ, ಕಾಂಚನಾ. ಡಾಕ್ಟರು ಕೇಳಿದ ಮೇಲೆ, ನಾನು ತಲೆಯಾಡಿಸಿದ ಮೇಲೆ. ಕಟ್ಟಿದ ಮೂಗು ಬಿಚ್ಚಿ ಬೇಗ ಗುಣವಾದರೆ ನನ್ನ ಸುಳ್ಳೂ ಮುಚ್ಚಿಹೋಗುತ್ತದೆ ಅನ್ನುವ ಆಸೆ.

ಮೂರನೆಯ ದಿನ ಅವನ ತುಟಿ ನೀಲಿಯಾಗಿತ್ತು. ಎರಡನೆಯ ಫಿಲ್ಮು ನೆಟ್ಟಗೆ ಬಂತು. ಕಪ್ಪಗಿದ್ದರೆ ಗಾಳಿ, ಬೆಳ್ಳಗಿದ್ದರೆ ಗಾಳಿ ಹೋಗದ ಜಾಗ ಅಂತ ನೀನೇ ನನಗೆ ಹೇಳಿಕೊಟ್ಟಿದ್ದೆ. ಎರಡೂ ಬದಿ ಬೆಳ್ಳಗಿತ್ತು. ಡಾಕ್ಟರಿಗಿಂತ ಮೊದಲು ಓದಿದವಳು ನೀನು. ಐದು ದಿನ ಗಾಜಿನ ಪೆಟ್ಟಿಗೆ, ನಳಿಕೆ, ಆಮೇಲೆ ಏನೂ ಇಲ್ಲ.

ಮೊದಲನೆಯದು ನೆಟ್ಟಗೆ ಬಂದಿದ್ದರೆ ಎರಡು ದಿನ ಮೊದಲೇ ಗೊತ್ತಾಗುತ್ತಿತ್ತು ಅಂತ ಡಾಕ್ಟರು ಅಂದದ್ದನ್ನು ನೀನು ಎದೆಗೆ ಹಚ್ಚಿಕೊಂಡೆ. ನಾನು ನಿನ್ನ ಬೆನ್ನು ಸವರುತ್ತ, ಹಣೆಬರಹ ಮಗಳೇ ಅಂದೆ. ಅಳಿಯ ಹೊನ್ನೇಶ ಸಿಟ್ಟಿನಲ್ಲಿ ನಿನ್ನ ಕೆಲಸವನ್ನೇ ಬೈದಾಗಲೂ ಕುಳಿತು ಚಹಾ ಕುಡಿದೆ.

ಕ್ಷಮೆ ಕೇಳಲಾರೆ. ನೀನು ಕೊಟ್ಟರೂ ಅದನ್ನು ಎಲ್ಲಿಟ್ಟುಕೊಳ್ಳಲಿ? ಬಾಣಂತನಕ್ಕೆ ಇಲ್ಲಿಗೆ ಬರಬೇಡ. ಬೆಟಗೇರಿಯ ನಿನ್ನ ಮನೆಯಲ್ಲೇ ಇರು. ಕೂಸು ಹುಟ್ಟಿದ ಮೇಲೆ ನಾನು ಬಂದು ಬಾಗಿಲು ಬಡಿದರೂ ಒಳಗೆ ಕರೆಯಬೇಡ. ಈ ಕಾಗದವನ್ನು ಹೊನ್ನೇಶನಿಗೂ ಡಾಕ್ಟರಿಗೂ ಓದಲು ಕೊಡು. ರಾಜೀನಾಮೆಯನ್ನು ಹರಿದು ಹಾಕು.

ಇಂತಿ ನಿನ್ನ ಅವ್ವ ಅನ್ನಿಸಿಕೊಂಡವಳು,
ಗದಿಗೆವ್ವ

ತಾ.ಕ.: ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀನು ನನ್ನ ಚೊಚ್ಚಲ ಅಲ್ಲ. ನಿನಗಿಂತ ಎರಡು ವರ್ಷ ಮೊದಲು ಒಬ್ಬ ಗಂಡು ಹುಟ್ಟಿದ್ದ. ಹದಿನೆಂಟು ದಿನ ಇದ್ದ, ಹೆಸರಿಡುವ ಮೊದಲೇ ಹೋದ. ಥಂಡಿಯಾಗಿ ಹೋದ ಅಂದರು ಎಲ್ಲರೂ, ನಾನೂ ಅದನ್ನೇ ನಂಬಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಸಿದ್ದುವಿನ ಪಕ್ಕೆ ಒಳಕ್ಕೆ ಜಗ್ಗುವುದನ್ನು ನೋಡಿದಾಗ ಗೊತ್ತಾಯಿತು, ಆ ಉಸಿರನ್ನು ನಾನು ಮೊದಲೊಮ್ಮೆ ನೋಡಿದ್ದೆ. ಅವನಿಗೂ ಎಣ್ಣೆ ಹಾಕಿದ್ದೆ. ನಿನಗೂ ಹಾಕಿದ್ದೆ, ಕಾಂಚನಾ. ನೀನು ಹೇಗೆ ಉಳಿದೆಯೋ ನನಗೆ ಗೊತ್ತಿಲ್ಲ.