ಒಂದೇ ಬಾಯಿಯ ಮನೆ

ಮೇ ೪, ಬೆಳಿಗ್ಗೆ

...ಅದನ್ನೇ ನಿನ್ನೆಯೂ ಬರೆದೆ, ಮುಗಿಯಲಿಲ್ಲ. ಮಗಳು ಡಿಗ್ರಿಗೆ ಆರಿಸಿಕೊಂಡದ್ದು ಚೀನೀ ಭಾಷೆ, ಚೀನೀ ಸಂಸ್ಕೃತಿ. ಬೆಳಗಾದರೆ ಕಿಟಕಿಗೆ ಮುಖ ಮಾಡಿ ಒಂದೇ ಅಕ್ಷರವನ್ನು ಏರಿಸಿ, ಇಳಿಸಿ, ಬಗ್ಗಿಸಿ ಹೇಳುತ್ತಾಳೆ. ಬಾಗಿಲಿಗೆ ಬಾಲ ಸಿಕ್ಕಿದ ಬೆಕ್ಕಿನ ಹಾಗೆ. ಹಾಗೆಂದೆ. ನಗಲಿಲ್ಲ.

ಮೊದಲ ವರ್ಷದ ಪಾಠ ಕೇಳಿ ಕೇಳಿ ನನಗೂ ಬಂದಿದೆ. ಸ್ವಪರಿಚಯ. ಆ ಜನ ಮನೆಮಂದಿಯನ್ನು ಬಾಯಿ ಲೆಕ್ಕದಲ್ಲಿ ಎಣಿಸುತ್ತಾರಂತೆ— ನಮ್ಮ ಮನೆಯಲ್ಲಿ ಮೂರು ಬಾಯಿ. "ಮೂರಿದ್ರೂ ಓಡೋದು ನಿಮ್ದೊಂದೇ" ಎಂದಿದ್ದಳು ನನ್ನವಳು. ಹೋಗಿ ವರ್ಷವಾಯಿತು. ಕಿಡ್ನಿ. ಮಕ್ಕಳಿಗೂ ಇಳಿಯಬಹುದಾದ ಕಾಯಿಲೆ ಎಂದಿದ್ದರು ಡಾಕ್ಟರು. ಇವಳು ಗುಂಡುಕಲ್ಲಿನಂತಿದ್ದಾಳೆ.

ಮೇ ೫

ಚೀನಾದಲ್ಲಿ ಒಂದು ವರ್ಷ ಓದಲು ವಿಭಾಗಕ್ಕೆ ಒಂದೇ ಸೀಟು. ಇಂಟರ್‌ವ್ಯೂ ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲಿ. ನನ್ನನ್ನು ಅಡುಗೆಮನೆಗೆ ಅಟ್ಟಿದಳು. ಮಿಕ್ಸಿ ಹಾಕಬೇಡಿ ಅಂತ ಬೇರೆ. ಕಿವಿಗೆ ಬೀಗ ಇಲ್ಲವಲ್ಲ. ಮನೆಯಲ್ಲಿ ಎಷ್ಟು ಜನ ಅಂತ ಆ ಕಡೆಯ ಚೀನೀ ಮೇಷ್ಟ್ರು ಕೇಳಿದರು. ಅಷ್ಟು ನನಗೆ ತಿಳಿಯುತ್ತದೆ. ತಡವರಿಸದೆ ಹೇಳಿದಳು— ಒಂದೇ ಬಾಯಿ.

ಬದುಕಿದ್ದೇನೆ. ಅವಳಿಗೇ ಹಾಲು ಕಾಯಿಸುತ್ತ ನಿಂತಿದ್ದೇನೆ. ಉಕ್ಕಿತು. ಒರೆಸಲಿಲ್ಲ.

ಆಮೇಲೆ ಕೇಳಿದೆ, ಯಾಕಮ್ಮಾ ಎಂದು.

"ನೀವಿದ್ದೀರಿ ಅಂದ್ರೆ ನೀವೆಂಥವರು ಅಂತಾನೂ ಹೇಳ್ಬೇಕಾಗುತ್ತೆ ಅಪ್ಪಾ. ಅಷ್ಟು ಚೀನೀ ನಂಗೆ ಬರಲ್ಲ."

ಮೇ ೧೧

ಸೀಟು ಇವಳಿಗೇ. ವಿಭಾಗದ ಮೇಡಂ ಫೋನ್ ಮಾಡಿದರು; ಕಾಲೇಜಿನ ದಾಖಲೆಯಲ್ಲಿ ನಾನಿನ್ನೂ ಇದ್ದೇನಂತೆ. ಮನೆಯವರ ಒಪ್ಪಿಗೆಯನ್ನು ಅವರೇ ಕೇಳುವುದು ಪದ್ಧತಿಯಂತೆ. ಕಂಗ್ರಾಜುಲೇಷನ್ಸ್ ಎಂದರು. ಬ್ಲಡ್ ಈಸ್ ಥಿಕರ್ ದ್ಯಾನ್... ಏನೋ ಇದೆ, ರಕ್ತಸಂಬಂಧದ ಗಾದೆ, ನಾನು ಕಾಲೇಜಲ್ಲಿ ಕಲಿತದ್ದು.

ದನಿ ತಗ್ಗಿಸಿದೆ. ಅವಳಮ್ಮನ ಕಾಯಿಲೆ ಅವಳಿಗೂ ಬಂದಿದೆ ಮೇಡಂ, ಡಾಕ್ಟರು ಹೇಳಿದ್ದಾರೆ, ಮಗುವಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ ಎಂದೆ. ಹೇಳುವುದಿಲ್ಲ ಎಂದು ಮಾತು ಕೊಟ್ಟರು. ಸುಳ್ಳಿಗೆ ತಲೆಬುಡ ಇರುವುದಿಲ್ಲ ಎನ್ನುತ್ತಾರೆ; ನನ್ನದಕ್ಕೆ ಎರಡೂ ಇದ್ದವು. ಊಟ ರುಚಿಸಿತು.

ಮೇ ೧೪, ಮಧ್ಯಾಹ್ನ

ಮೇಡಂ ಬಾಯಿಬಿಟ್ಟಿದ್ದಾರೆ. ರಂಪ ಮಾಡುತ್ತಾಳೆ ಎಂದು ತಯಾರಾಗಿ ಕೂತಿದ್ದೆ. ಬಂದು ಪಕ್ಕದಲ್ಲಿ ಕೂತಳು. ಕೈ ಹಿಡಿದಳು— ಹಿಂದೆ ಯಾವಾಗ ಹಿಡಿದಿದ್ದಳೋ.

"ಅಮ್ಮಂದೂ ಹೀಗೇ ಕೊನೇವರೆಗೆ ಮುಚ್ಚಿಟ್ರಿ. ನಂದು ಯಾವಾಗಿಂದ ಒಬ್ರೇ ಹೊತ್ಕೊಂಡು ಓಡಾಡ್ತಿದ್ದೀರಿ ಅಪ್ಪಾ?"

ನಂಬಿದ್ದಾಳೆ. ಕೈ ಬೆಚ್ಚಗಿತ್ತು.

ಮೇ ೧೭, ಸಂಜೆ

ಇವತ್ತು ಆರೂವರೆಗೆ ವಿಭಾಗದ ಕಚೇರಿ ಮುಚ್ಚುವುದರೊಳಗೆ, ಚೀನಾಕ್ಕೆ ಹೋಗುತ್ತೇನೆ ಎಂದು ಇವಳು ಹೇಳದಿದ್ದರೆ ಸೀಟು ಮುಂದಿನವರಿಗೆ. ಸ್ಕ್ಯಾನಿಂಗ್ ನಾಳೆ. ಏನೂ ಇಲ್ಲ ಎಂದೇ ಬರುತ್ತದೆ. ಡಾಕ್ಟರು ತಪ್ಪು ತಿಳಿದಿದ್ದರು ಎಂದರಾಯಿತು. ಬೆಟರ್ ಲೇಟ್ ದ್ಯಾನ್...

ಮೂರು ದಿನದಿಂದ ಕಿಟಕಿಯ ಹತ್ತಿರ ದನಿಯಿಲ್ಲ. ನನ್ನ ಬನಿಯನ್ ಒಗೆಯುತ್ತಾಳೆ. ಉಪ್ಪು ಸಾಕಾ ಅಪ್ಪಾ ಎನ್ನುತ್ತಾಳೆ. ಸಾಕು ಎನ್ನುತ್ತೇನೆ. ಸಾಲದು, ಆದರೂ.

ಈಗ ಎದುರಿಗೇ ಕೂತಿದ್ದಾಳೆ, ತೊಡೆಯ ಮೇಲೆ ಫೋನ್. ಕೇಳಿದಳು— "ಡಾಕ್ಟ್ರು ಖಂಡಿತ ಅಂದ್ರಾ, ಇರಬಹುದು ಅಂದ್ರಾ? ಇರಬಹುದು ಅಂದಿದ್ರೆ ಹೇಳಿಬಿಡಿ. ಈಗ್ಲೇ ಮೇಡಂಗೆ ಫೋನ್ ಮಾಡ್ತೀನಿ."

ಇರು, ಇದೊಂದು ಸಾಲು ಬರೆದು ಹೇಳುತ್ತೇನೆ ಎಂದೆ. ಬರೆಯುತ್ತಿದ್ದೇನೆ. ಸಾಲಿಗೇನು, ಎಳೆದಷ್ಟೂ ಬರುತ್ತದೆ. ಕಾಯುತ್ತಿದ್ದಾಳೆ, ಒಳ್ಳೆಯ ಮಗಳ ಹಾಗೆ. ಲೈಟ್ ಹಾಕ್ಲಾ ಅಪ್ಪಾ ಎಂದಳು. ಬೇಡ, ಇನ್ನೂ ಬೆಳಕಿದೆ ಎಂದೆ. ಎಲ್ಲಿದೆ... ಅಕ್ಷರ ಒಂದರ ಮೇಲೊಂದು ಹತ್ತುತ್ತಿವೆ, ಅವಳ ಮುಖವೂ ಸರಿಯಾಗಿ—